ಆಕಾಶದ ಪಾಳಿ

ಗೋಕಾಕ ಸೀಮೆಯವರಿಗೆ ‘ಪಾಳಿ’ ಎಂಬ ಮಾತನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಘಟಪ್ರಭೆಯ ಕಾಲುವೆಯ ನೀರು ಹೊಲಕ್ಕೆ ಬರುವುದು ಪಾಳಿಯ ಮೇಲೆ. ಗೋಕಾಕ ಫಾಲ್ಸಿನ ನೂಲಿನ ಗಿರಣಿಗೆ ತಲೆಮಾರುಗಳ ಕಾಲ ಜನ ಕೆಲಸಕ್ಕೆ ಹೋದದ್ದು ಪಾಳಿಯ ಮೇಲೆ. ಹಾಸಿಗೆ ಹಿಡಿದ ಅತ್ತೆಯ ಆರೈಕೆಗೆ ಸೊಸೆಯಂದಿರು ನಿಲ್ಲುವುದೂ ಪಾಳಿಯ ಮೇಲೆಯೇ. ನೀರಿನ ಪಾಳಿ ನಡುರಾತ್ರಿಯಲ್ಲಿ ಬಂದರೆ ಕಂದೀಲು ಹಿಡಿದು ಹೊಲಕ್ಕೆ ನಡೆಯಬೇಕೇ ಹೊರತು, ಕಣ್ಣಿಗೆ ನಿದ್ದೆ ಹತ್ತಿದೆಯೆಂದು ಕಾಲುವೆಯನ್ನು ಕಾಯಿಸುವಂತಿಲ್ಲ. ಹಿಂದಿನ ಪಾಳಿ ಹಗಲಿನಲ್ಲಿ ಯಾರಿಗೆ ಹೋಗಿತ್ತು, ಈ ಸಲ ಯಾರಿಗೆ ಹೋಗಬೇಕು ಎಂಬ ಲೆಕ್ಕ ಮಾತ್ರ ಪ್ರತಿಯೊಬ್ಬನ ಮನಸ್ಸಿನಲ್ಲಿಯೂ ಇರುತ್ತದೆ. ಪಾಳಿಯ ಕಷ್ಟವನ್ನು ಮನುಷ್ಯ ಸಹಿಸುತ್ತಾನೆ. ಪಾಳಿಯಲ್ಲಿಯ ಪಕ್ಷಪಾತವನ್ನು ಸಹಿಸಲಾರ.

ಇಂಥ ಸೀಮೆಯ ಕುಲಗೋಡದಂಥ ಊರಿನಲ್ಲಿ, ಒಂದು ಮನೆಯ ಮಗಳು ವಿಮಾನದ ಗಗನಸಖಿಯಾಗಿ ಸೇರಿದಳೆಂದು ವಾಚಕರು ಭಾವಿಸಿಕೊಳ್ಳಲಿ. ಕೆಲಸ ಬೆಂಗಳೂರಿನಲ್ಲಿ. ತಾಯಿ ಫೋನಿನಲ್ಲಿ ಕೇಳುವ ಮೊದಲನೆಯ ಪ್ರಶ್ನೆ ಸಹಜವಾದುದೇ.

“ನಿನ್ನ ಗಾಡಿ ಯಾವ ಊರಿಂದವ್ವಾ? ದಿನಾ ಎಲ್ಲಿಗೆ ಹೋಗಿ ಬರತೀ?”

“ನನಗ ಅಂತ ಒಂದ ಗಾಡಿ ಇರೂದಿಲ್ಲ ಬೇ. ಮುಂದಿನ ತಿಂಗಳ ಪಟ್ಟಿ ಬಂದ ಮ್ಯಾಲೆ ಹೇಳತೇನಿ.”

“ಹಂಗಾರ ಯುಗಾದಿಗೆ ಬರತೀಯೋ ಇಲ್ಲೋ?”

ಈ ಪ್ರಶ್ನೆಗೆ ಮಗಳಲ್ಲಿ ಉತ್ತರವಿಲ್ಲ. ತಾಯಿಯ ಕಣ್ಣ ಮುಂದಿರುವುದು ಎಸ್‌ಟಿ ಬಸ್ಸು. ಡೆಪೋದಲ್ಲಿ ಒಂದು ಶೆಡ್ಯೂಲು, ಅದಕ್ಕೊಬ್ಬ ಚಾಲಕ, ಒಬ್ಬ ನಿರ್ವಾಹಕ. ಸಂಜೆ ಊರಿಗೆ ಬಂದು ರಾತ್ರಿ ಅಲ್ಲಿಯೇ ಉಳಿಯುವ ವಸ್ತಿ ಬಸ್ಸಿನ ಕಂಡಕ್ಟರನಿಗೆ ಊರಿನ ಮುಕ್ಕಾಲು ಪಾಲು ಜನರ ಪರಿಚಯವಿರುತ್ತದೆ; ಯಾರ ಮನೆಯ ಮಗಳು ಹೆರಿಗೆಗೆ ಬಂದಿದ್ದಾಳೆಂಬುದೂ ಅವನಿಗೆ ಗೊತ್ತು. ವಿಮಾನದ ಕೆಲಸವೂ ಹೀಗೆಯೇ ಇರಬೇಕೆಂದು ತಾಯಿ ತಿಳಿದರೆ ಅದು ತಪ್ಪಲ್ಲ. ಆದರೆ ಆಕಾಶದ ಪಾಳಿಯ ಕಟ್ಟಡವೇ ಬೇರೆ.

ಕುಲಗೋಡದವರಿಗೆ ಬೆಳಗಾವಿಯ ವಿಮಾನ ನಿಲ್ದಾಣವೆಂದರೆ ಸಾಂಬ್ರಾ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷ್ ವಾಯುಸೇನೆ ತರಬೇತಿಗೆಂದು ಅಲ್ಲಿ ನೆಲ ಹಸನು ಮಾಡಿತು. 2017ರಲ್ಲಿ ಹೊಸ ನಿಲ್ದಾಣ ಕಟ್ಟಡವಾಯಿತು. ಅದೇ ವರ್ಷ ಕೇಂದ್ರ ಸರ್ಕಾರದ ‘ಉಡಾನ್’ ಯೋಜನೆಯ ಮೊದಲ ವಿಮಾನ ಹಾರಿತು. ಸಣ್ಣ ಪಟ್ಟಣಗಳಿಗೂ ವಿಮಾನ ಬರತೊಡಗಿತು. 2019ರ ಜನವರಿಯಲ್ಲಿ ಸ್ಟಾರ್ ಏರ್ ಸಂಸ್ಥೆ 50 ಆಸನಗಳ ಎಂಬ್ರೇಯರ್ ವಿಮಾನಗಳೊಂದಿಗೆ ಕರ್ನಾಟಕದಿಂದಲೇ ಹಾರಾಟ ಆರಂಭಿಸಿ, ಬೆಳಗಾವಿಯನ್ನೂ ತನ್ನ ಮಾರ್ಗಗಳಲ್ಲಿ ಸೇರಿಸಿಕೊಂಡಿತು.

ವಿಮಾನದ ಆಸನಗಳ ಲೆಕ್ಕವೇ ಪಾಳಿಯ ಮೊದಲ ಲೆಕ್ಕ. ಭಾರತದ ನಿಯಮದಂತೆ 50 ಆಸನಗಳವರೆಗಿನ ವಿಮಾನಕ್ಕೆ ಕಡಮೆಯೆಂದರೆ ಒಬ್ಬರು ಪರಿಚಾರಕರು. ಅದಕ್ಕೂ ಮೇಲೆ 99ರವರೆಗೆ ಇಬ್ಬರು. ಅಲ್ಲಿಂದ ಮುಂದೆ ಪ್ರತಿ 50 ಆಸನಗಳಿಗೆ, ಅಥವಾ ಅದರ ಭಾಗಕ್ಕೆ, ಮತ್ತೊಬ್ಬರು. ಆದ್ದರಿಂದ 78 ಆಸನಗಳ ಎಟಿಆರ್ ವಿಮಾನದಲ್ಲಿ ಇಬ್ಬರು, 180 ಆಸನಗಳ ಏರ್‌ಬಸ್ಸಿನಲ್ಲಿ ನಾಲ್ವರು. ಊಟ ಬಡಿಸುವುದಕ್ಕೆ ಎಷ್ಟು ಕೈ ಬೇಕು ಎಂದು ನೋಡಿ ಮಾಡಿದ ಎಣಿಕೆ ಇದಲ್ಲ. ಬೆಂಕಿ ಬಿದ್ದರೆ, ವಿಮಾನ ನೀರಿಗೆ ಇಳಿದರೆ, ಬಾಗಿಲು ತೆರೆದು ಜನರನ್ನು ಹೊರಕ್ಕೆ ದಾಟಿಸಲು ಎಷ್ಟು ಜನ ಬೇಕು ಎಂಬುದೇ ಇದರ ಆಧಾರ. ಒಂದು ಬಗೆಯ ವಿಮಾನದಲ್ಲಿ ತರಬೇತಿ ಪಡೆದವರನ್ನು ತರಬೇತಿಯಿಲ್ಲದ ಇನ್ನೊಂದು ಬಗೆಯ ವಿಮಾನಕ್ಕೆ ಹಾಕುವಂತೆಯೂ ಇಲ್ಲ. ಬಾಗಿಲಿನ ಹಿಡಿಕೆ ತಿರುಗುವ ರೀತಿಯೂ ವಿಮಾನದಿಂದ ವಿಮಾನಕ್ಕೆ ಬೇರೆಯಾಗಬಹುದು.

ಎರಡನೆಯ ಲೆಕ್ಕ ಹಾರಾಟಗಳನ್ನು ಪೋಣಿಸುವುದು. ಪ್ರತಿಯೊಬ್ಬರಿಗೂ ಒಂದು ಮೂಲ ನಿಲ್ದಾಣವಿರುತ್ತದೆ. ಹೊರಟವರು ಕೊನೆಗೆ ಅಲ್ಲಿಗೇ ಮರಳಬೇಕು. ಬೆಳಗಿನ ಜಾವ ಬೆಂಗಳೂರಿನಿಂದ ಬೆಳಗಾವಿಗೆ ಹೋಗಿ ತಿರುಗಿ ಬಂದು, ಅಲ್ಲಿಂದ ಹೈದರಾಬಾದಿಗೆ ಹೋಗಿ ಬಂದರೆ ನಾಲ್ಕು ಹಾರಾಟಗಳ ಒಂದು ದಿನದ ಮಾಲೆಯಾಯಿತು. ಇನ್ನೊಂದು ಮಾಲೆ ಸಂಜೆ ಹೊರಟು ದೂರದ ಊರಿನಲ್ಲಿ ರಾತ್ರಿ ಉಳಿಸಿ ಮರುದಿನ ಕರೆತರುತ್ತದೆ. ವಸ್ತಿ ಬಸ್ಸಿನ ಪದ್ಧತಿಯೇ ಇದು. ಬಸ್ಸು ಚಾಲಕನೊಂದಿಗೆ ಊರಿನಲ್ಲಿ ಮಲಗುತ್ತದೆ, ದೀರ್ಘ ಮಾರ್ಗದ ವಿಮಾನ ಮಾತ್ರ ಮಲಗುವುದಿಲ್ಲ. ದಣಿದವರನ್ನು ಇಳಿಸಿ, ಮಲಗಿ ಎದ್ದವರನ್ನು ಹತ್ತಿಸಿಕೊಂಡು ಮುಂದಕ್ಕೆ ಹಾರಿಹೋಗುತ್ತದೆ.

ಕೆಲವು ನೂರು ಹಾರಾಟಗಳಿದ್ದರೂ ಅವನ್ನು ಪೋಣಿಸುವ ಬಗೆಗಳು ಕೋಟಿಗಟ್ಟಲೆ ಆಗಿಬಿಡುತ್ತವೆ. ಯಾವ ಹಾರಾಟವೂ ಜನರಿಲ್ಲದೆ ಉಳಿಯಬಾರದು, ಯಾರಿಗೂ ಮಿತಿ ಮೀರಿ ಕೆಲಸವಾಗಬಾರದು, ಖರ್ಚು ಕಡಮೆಯಾಗಬೇಕು. ಇಂಧನವನ್ನು ಬಿಟ್ಟರೆ ವಿಮಾನ ಸಂಸ್ಥೆಗಳ ದೊಡ್ಡ ಖರ್ಚುಗಳಲ್ಲಿ ಹಾರುವ ಸಿಬ್ಬಂದಿಯ ಖರ್ಚೂ ಒಂದು. ಇಂಥ ಸಮಸ್ಯೆಗಳನ್ನು ಬಿಡಿಸಲೆಂದೇ ಹಲವು ದೇಶಗಳ ವಿಮಾನ ಸಂಸ್ಥೆಗಳ ಗಣಿತಜ್ಞರು 1961ರಲ್ಲಿ ‘ಅಗಿಫೋರ್ಸ್’ ಎಂಬ ಕೂಟವನ್ನು ಕಟ್ಟಿಕೊಂಡರು. ಇಂದು ಆ ಪೋಣಿಕೆಯನ್ನು ಗಣಕಯಂತ್ರ ಮಾಡುತ್ತದೆ. ಯಂತ್ರ ಕಟ್ಟಿದ ಮಾಲೆಗಳನ್ನು ಒಬ್ಬೊಬ್ಬರ ಕೊರಳಿಗೆ ಹಾಕಿದಾಗ ಬರುವುದೇ ತಿಂಗಳ ರೋಸ್ಟರು, ಕುಲಗೋಡದ ತಾಯಿ ಕಾಯುತ್ತಿರುವ ಆ ಪಟ್ಟಿ. ಅದರಲ್ಲಿ ಕೆಲವು ದಿನಗಳ ಮುಂದೆ ಊರ ಹೆಸರೇ ಇರುವುದಿಲ್ಲ, ‘ಸ್ಟ್ಯಾಂಡ್‌ಬೈ’ ಎಂದಿರುತ್ತದೆ. ಅಂದರೆ ಸೀರೆಯ ನೆರಿಗೆ ಕೆಡದಂತೆ, ಪೆಟ್ಟಿಗೆ ಕಟ್ಟಿಕೊಂಡು, ಬಾರದಿದ್ದರೂ ಬರಬಹುದಾದ ಕರೆಗಾಗಿ ಕಾದು ಕುಳಿತಿರುವುದು.

ಹಾಗಾದರೆ ಒಳ್ಳೆಯ ಮಾರ್ಗ ಯಾರ ಪಾಲಿಗೆ? ಇಲ್ಲಿ ಕುಲಗೋಡದವರು ತಮ್ಮೂರನ್ನೇ ನೆನೆದರೆ ಸಾಕು. ಇದು ಶ್ರೀಕೃಷ್ಣ ಪಾರಿಜಾತವನ್ನು ರಂಗಕ್ಕೆ ತಂದ ತಮ್ಮಣ್ಣನ ಊರು. ನೆರೆಯ ಕೌಜಲಗಿ, ಪಾರಿಜಾತದಲ್ಲಿ ಹೆಸರಾದ ನಿಂಗಮ್ಮನ ಊರು. ಆ ಆಟದ ಜಗಳವೆಲ್ಲ ಒಂದು ಹೂವಿನದು. ನಾರದ ತಂದ ಹೂವು ರುಕ್ಮಿಣಿಯ ಮುಡಿಗೇರಿತು. ಸತ್ಯಭಾಮೆ ಮುನಿದು ಒಳಗೆ ಸೇರಿದಳು. ರೋಸ್ಟರ್ ವಿಭಾಗದ ಸಂಕಟವೂ ಅದೇ. ಭತ್ಯೆ ಹೆಚ್ಚಿರುವ, ನಡುವೆ ಒಂದು ದಿನ ವಿರಾಮವಿರುವ ಹಾರಾಟಗಳು ಬೆರಳೆಣಿಕೆಯಷ್ಟು. ನಡುರಾತ್ರಿ ಹೊರಟು ನಸುಕಿನಲ್ಲಿ ಮರಳುವ ಹಾರಾಟಗಳು ಅನೇಕ. ಹೂವು ಒಂದು, ಭಾಮೆಯರು ಸಾವಿರ!

ಅಮೆರಿಕದಲ್ಲಿ ಈ ಜಗಳವನ್ನು ಸೇವಾ ಹಿರಿತನದಿಂದ ಬಗೆಹರಿಸಿಕೊಂಡಿದ್ದಾರೆ. ತಿಂಗಳ ಮಾಲೆಗಳನ್ನು ಮುಂದಿಡುತ್ತಾರೆ. ಹಿರಿಯರು ಮೊದಲು ಆರಿಸಿಕೊಳ್ಳುತ್ತಾರೆ, ಕಿರಿಯರು ಉಳಿದದ್ದನ್ನು ಎತ್ತಿಕೊಳ್ಳುತ್ತಾರೆ. ಇಪ್ಪತ್ತು ವರ್ಷ ದುಡಿದವರಿಗೆ ಇದು ನ್ಯಾಯ, ನಿನ್ನೆ ಸೇರಿದವರಿಗೆ ವನವಾಸ. ಸಂಸ್ಥೆಯೇ ಪಾಳಿ ಹಂಚಿ, ರಾತ್ರಿಯ ಕೆಲಸ, ಹಬ್ಬದ ದಿನಗಳು, ಹಾರಿದ ಗಂಟೆಗಳು ಎಲ್ಲರಿಗೂ ಸರಿಸುಮಾರು ಸಮನಾಗುವಂತೆ ನೋಡಿಕೊಳ್ಳುವುದು ಇನ್ನೊಂದು ಪದ್ಧತಿ. ಅದರಲ್ಲಿ ಕಿರಿಯರಿಗೆ ಅನ್ಯಾಯವಿಲ್ಲ. ಆದರೆ ಬೇಕಾದ ದಿನ ಸಿಕ್ಕೀತೆಂಬ ಭರವಸೆ ಹಿರಿಯರಿಗೂ ಇಲ್ಲ.

ಒಮ್ಮೊಮ್ಮೆ ಭಾಷೆಯೂ ಮಾರ್ಗವನ್ನು ನಿರ್ಣಯಿಸಿದ್ದುಂಟು. 1955ರಲ್ಲಿ ಅಮೆರಿಕದ ಪ್ಯಾನ್ ಆಮ್ ಸಂಸ್ಥೆ ಟೋಕಿಯೋ ಮಾರ್ಗಕ್ಕಾಗಿ ಹವಾಯಿಯಲ್ಲಿ ಜಪಾನೀ ಮೂಲದ ಅಮೆರಿಕನ್ ಯುವತಿಯರನ್ನು ನೇಮಿಸಿಕೊಳ್ಳತೊಡಗಿತು. ಕಾರಣ ಜಪಾನೀ ಭಾಷೆ ಎಂದು ಹೇಳಿತಾದರೂ ಅವರಲ್ಲಿ ಕೆಲವರಿಗೆ ಆ ಭಾಷೆ ಅಷ್ಟಕ್ಕಷ್ಟೇ ಬರುತ್ತಿತ್ತು! ಅದೇ ಸಂಸ್ಥೆ 1985ರಲ್ಲಿ ಫ್ರಾಂಕ್‌ಫರ್ಟ್ ಮತ್ತು ಭಾರತದ ನಡುವಿನ ಹಾರಾಟಗಳಿಗೆ ಭಾರತೀಯ ಪರಿಚಾರಕರನ್ನೇ ಇಡಬೇಕೆಂದು ನಿಶ್ಚಯಿಸಿದಾಗ ಸೇರಿದವಳು ನೀರಜಾ ಭಾನೋಟ್. 1986ರ ಸೆಪ್ಟೆಂಬರ್ 5ರಂದು ಮುಂಬಯಿಯಿಂದ ಹೊರಟ ವಿಮಾನವನ್ನು ಕರಾಚಿಯಲ್ಲಿ ಬಂದೂಕುಧಾರಿಗಳು ಹೊಕ್ಕರು. ವಿಮಾನ ನಡೆಸುವವರು ಪರಿಚಾರಕರ ಎಚ್ಚರಿಕೆಯಿಂದ ಹೊರಕ್ಕೆ ಇಳಿದರು, ವಿಮಾನ ಹಾರದಂತಾಯಿತು. ಪ್ರಯಾಣಿಕರ ಹೊಣೆ ಆ ಪರಿಚಾರಕರ ಮೇಲೆ ಬಿತ್ತು. ಪ್ರಯಾಣಿಕರನ್ನು ಕಾಪಾಡುತ್ತ 23 ತುಂಬುವ ಮುನ್ನವೇ ನೀರಜಾ ಗುಂಡಿಗೆ ಬಲಿಯಾದಳು. ಭಾರತ ಸರ್ಕಾರ ಅವಳಿಗೆ ಮರಣೋತ್ತರವಾಗಿ ಅಶೋಕ ಚಕ್ರವನ್ನಿತ್ತಿತು. ಪಾಳಿಯ ಪಟ್ಟಿಯಲ್ಲಿ ಆ ದಿನ ಅದೂ ಒಂದು ಸಾಮಾನ್ಯ ರಾತ್ರಿಯ ಹಾರಾಟವಾಗಿತ್ತು, ಅಷ್ಟೆ.

ಇದನ್ನು ನೆನೆದಾಗ ಒಂದು ಸಂಗತಿ ಆಶ್ಚರ್ಯ ಹುಟ್ಟಿಸುತ್ತದೆ. ಪಾರಿಜಾತದ ಮೇಳದವರು ವರ್ಷಗಟ್ಟಲೆ ಕೂಡಿ ಆಡಿದವರು. ಭಾಗವತ ಎಲ್ಲಿ ಉಸಿರೆಳೆಯುತ್ತಾನೆಂಬುದು ಕೃಷ್ಣನಿಗೆ ಗೊತ್ತು. ದೊಡ್ಡ ವಿಮಾನ ಸಂಸ್ಥೆಯಲ್ಲಿ ಹಾಗಲ್ಲ. ಒಂದು ವಿಮಾನದ ನಾಲ್ವರು ಆ ಬೆಳಿಗ್ಗೆಯೇ, ಹಾರಾಟದ ಮುಂಚಿನ ಸಭೆಯಲ್ಲಿ, ಒಬ್ಬರ ಮುಖವನ್ನೊಬ್ಬರು ಮೊದಲ ಸಲ ಕಾಣಬಹುದು. ಸಂಜೆ ಬೇರೆಯಾದರೆ ಮತ್ತೆ ಕೂಡುವುದು ಎಂದೋ! ಪರಿಚಯ ಮಾಡಬೇಕಾದ ಕೆಲಸವನ್ನು ಅಲ್ಲಿ ತರಬೇತಿ ಮಾಡುತ್ತದೆ. ಯಾವ ಬಾಗಿಲು ಯಾರದು, ಯಾವ ಮಾತಿಗೆ ಯಾವ ಉತ್ತರ, ಹೊಗೆ ಕಂಡರೆ ಮೊದಲ ಹೆಜ್ಜೆ ಯಾರದು ಎಂಬುದೆಲ್ಲ ಗೊತ್ತುಪಡಿಸಿದ್ದು. ಹೆಸರು ತಿಳಿಯದ ಸಂಗಾತಿಯ ಕೈಯಲ್ಲಿ ಪ್ರಾಣವನ್ನಿಡಲು ಸಾಧ್ಯವಾಗುವುದು ಇದರಿಂದಲೇ.

ಪಾಳಿಯ ನ್ಯಾಯವೂ ಒಂದೇ ದಿನದಲ್ಲಿ ಬಂದುದಲ್ಲ. 1930ರ ಮೇ 15ರಂದು ಅಮೆರಿಕದಲ್ಲಿ ಎಲೆನ್ ಚರ್ಚ್ ಎಂಬ ದಾದಿ ಮೊದಲ ಗಗನಸಖಿಯಾಗಿ ವಿಮಾನ ಹತ್ತಿದಳು. ಅವಳೊಂದಿಗೆ ನೇಮಕವಾದ ಇನ್ನೇಳು ಮಂದಿಯೂ ದಾದಿಯರೇ. ಆ ಮೇಲೆ ಹಲವು ದಶಕಗಳ ಕಾಲ ವಿಮಾನದ ಹೆಣ್ಣಿಗೆ ವಯಸ್ಸು, ಮದುವೆ, ತಾಯ್ತನ ಇವೇ ಗಡಿಗಳಾದವು. ಏರ್ ಇಂಡಿಯಾದ ಹಿಂದಿನ ನಿಯಮದಂತೆ ಗಗನಸಖಿಯ ಕೆಲಸ 35ನೆಯ ವಯಸ್ಸಿಗೆ ಮುಗಿಯುತ್ತಿತ್ತು. ಸೇರಿದ ನಾಲ್ಕು ವರ್ಷಗಳೊಳಗೆ ಮದುವೆಯಾದರೆ, ಇಲ್ಲವೆ ಮೊದಲ ಸಲ ಗರ್ಭಿಣಿಯಾದರೆ, ಅದಕ್ಕೂ ಮೊದಲೇ. ನರ್ಗೆಶ್ ಮೀರ್ಜಾ ಮೊಕದ್ದಮೆಯಲ್ಲಿ 1981ರಲ್ಲಿ ಸುಪ್ರೀಂ ಕೋರ್ಟು ಗರ್ಭಿಣಿಯನ್ನು ಕೆಲಸದಿಂದ ತೆಗೆಯುವ ನಿಯಮವನ್ನು ರದ್ದುಪಡಿಸಿತು. ಮದುವೆಯ ನಿಯಮವನ್ನು ಮಾತ್ರ ಎತ್ತಿಹಿಡಿಯಿತು. ಹಾರಾಟದಲ್ಲಿ ಪರಿಚಾರಕರ ಮೇಲ್ವಿಚಾರಣೆ ಪುರುಷನದೇ ಎಂಬ ಪದ್ಧತಿಯೂ ಅಲ್ಲಿತ್ತು. 2005ರಲ್ಲಿ ಸಂಸ್ಥೆ ಆ ಸ್ಥಾನವನ್ನು ಸ್ತ್ರೀಯರಿಗೂ ತೆರೆಯಿತು. ಪುರುಷರು ನ್ಯಾಯಾಲಯದ ಮೆಟ್ಟಿಲೇರಿದರು. 2011ರಲ್ಲಿ ಸುಪ್ರೀಂ ಕೋರ್ಟು ಸ್ತ್ರೀಯರ ಪರವಾಗಿ ತೀರ್ಪಿತ್ತಿತು. ಇಂದು ಕುಲಗೋಡದ ಹುಡುಗಿಯೊಬ್ಬಳು ವಿಮಾನದ ತಂಡಕ್ಕೆ ಹಿರಿಯಳಾಗಬಹುದಾದರೆ, ಅವಳ ದಾರಿಯ ಮುಳ್ಳನ್ನು ಹಿಂದಿನವರು ತಮ್ಮ ಬರಿಗೈಯಿಂದ ಕಿತ್ತಿದ್ದಾರೆಂಬುದೇ ಅದಕ್ಕೆ ಕಾರಣ.

ವಿಶ್ರಾಂತಿಯ ಪ್ರಶ್ನೆ ಇನ್ನೂ ಮುಗಿದಿಲ್ಲ. ಎತ್ತಿಗೆ ಅಮಾವಾಸ್ಯೆಯ ದಿನ ನೊಗ ಹೂಡದ ನಾಡು ಇದು. ದಣಿವಿಗೂ ಒಂದು ಮಿತಿಯಿದೆಯೆಂಬುದನ್ನು ರೈತನಿಗೆ ಹೇಳಬೇಕಾಗಿಲ್ಲ. ವಿಮಾನ ನಡೆಸುವವರ ವಾರದ ವಿಶ್ರಾಂತಿಯನ್ನು 36 ಗಂಟೆಗಳಿಂದ 48 ಗಂಟೆಗಳಿಗೆ ಏರಿಸುವ ನಿಯಮ 2025ರ ಜುಲೈಯಲ್ಲಿ ಜಾರಿಗೆ ಬಂತು. ರಾತ್ರಿಯ ಇಳಿತಗಳನ್ನು ಕಡಮೆ ಮಾಡುವ ನಿಯಮ ನವೆಂಬರಿನಲ್ಲಿ ಬಂತು. ಡಿಸೆಂಬರಿನ ಮೊದಲ ವಾರದಲ್ಲಿ ದೇಶದ ಅತಿ ದೊಡ್ಡ ಸಂಸ್ಥೆಯಾದ ಇಂಡಿಗೋದ ಪಟ್ಟಿಗೆ ಸಾಕಷ್ಟು ಜನ ಒದಗದೆ ಸಾವಿರಾರು ಹಾರಾಟಗಳು ರದ್ದಾದವು. ಮದುವೆಗೆ ಹೊರಟವರು, ಔಷಧಿ ಒಯ್ಯುತ್ತಿದ್ದವರು, ಪರೀಕ್ಷೆಗೆ ಹೋಗಬೇಕಾದವರು ನಿಲ್ದಾಣಗಳ ನೆಲದ ಮೇಲೆ ರಾತ್ರಿ ಕಳೆದರು. ಯಾರ ಕಣ್ಣಿಗೂ ಬೀಳದ ಒಂದು ಪಾಳಿಯ ಪಟ್ಟಿ ತಪ್ಪಿದರೆ ದೇಶವೇ ಎಡವುತ್ತದೆಯೆಂಬುದು ಆಗ ಎಲ್ಲರಿಗೂ ಕಂಡಿತು.

ಇಷ್ಟೆಲ್ಲ ಗಣಿತ, ಕಾಯಿದೆ, ಯಂತ್ರಗಳ ನಡುವೆಯೂ ಮನುಷ್ಯರು ತಮಗಾಗಿ ಒಂದು ಸಣ್ಣ ಕಿಂಡಿಯನ್ನು ಉಳಿಸಿಕೊಂಡಿದ್ದಾರೆ. ನಿಯಮಕ್ಕೆ ಭಂಗ ಬಾರದಂತೆ, ಸಂಸ್ಥೆಯ ಒಪ್ಪಿಗೆಯೊಂದಿಗೆ, ಇಬ್ಬರು ತಮ್ಮ ಪಾಳಿಗಳನ್ನು ಅದಲುಬದಲು ಮಾಡಿಕೊಳ್ಳುವುದುಂಟು. ಮಂಗಳೂರಿನ ಕ್ರೈಸ್ತ ಹುಡುಗಿ ಯುಗಾದಿಯ ದಿನ ತಾನು ಹಾರುತ್ತೇನೆನ್ನುತ್ತಾಳೆ. ಕ್ರಿಸ್ಮಸ್ಸಿನ ರಾತ್ರಿಯ ಹಾರಾಟವನ್ನು ಗೋಕಾಕ ಸೀಮೆಯ ಹುಡುಗಿ ಹೊತ್ತುಕೊಳ್ಳುತ್ತಾಳೆ. ರಂಜಾನಿನ ದಿನ ಒಬ್ಬಳಿಗೆ ಬಿಡುವು ಸಿಗಲೆಂದು ಇನ್ನೊಬ್ಬಳು ನಿದ್ದೆಗೆಡುತ್ತಾಳೆ. ಹೊಲದ ಬದುವಿನಲ್ಲಿ “ಇವತ್ತಿನ ನೀರು ನೀ ಹಾಯಿಸ್ಕೋ, ನನ್ನ ಪಾಳಿ ನಾಳೆ ಕೊಡು” ಎಂದು ನೆರೆಯವರು ಮಾಡಿಕೊಳ್ಳುವ ಒಪ್ಪಂದವೂ ಇದೇ ಜಾತಿಯದು. ಗಣಕಯಂತ್ರಕ್ಕೆ ಗಂಟೆಗಳ ಲೆಕ್ಕ ಗೊತ್ತು. ಯಾರ ಮನೆಯಲ್ಲಿ ಯಾರು ಕಾದು ಕುಳಿತಿದ್ದಾರೆಂಬ ಲೆಕ್ಕ ಪಕ್ಕದಲ್ಲಿ ನಿಂತು ದುಡಿಯುವವರಿಗೇ ಗೊತ್ತು.

ಸಾಂಬ್ರಾದಲ್ಲಿ ವಿಮಾನ ಹತ್ತುವ ಪ್ರಯಾಣಿಕರನ್ನು ಬಾಗಿಲಲ್ಲಿ ಕೈಮುಗಿದು ಕರೆಯುವವಳಿಗೆ ಅದು ಆ ದಿನದ ಮೊದಲ ಹಾರಾಟವೋ ನಾಲ್ಕನೆಯದೋ ಅವರಿಗೆ ತಿಳಿಯದು. ನೀರು ಕೊಡಲು ಅವಳು ಎರಡು ನಿಮಿಷ ತಡಮಾಡಿದರೆ ಹುಬ್ಬು ಗಂಟಿಕ್ಕುವವರೂ ಇದ್ದಾರೆ. ಅಂಥವರು ಒಮ್ಮೆ ಅವಳನ್ನು “ಊಟಾತೇನವ್ವಾ?” ಎಂದು ಕೇಳಿದರೆ ವಿಮಾನವೇನೂ ತಡವಾಗಲಾರದು.