36 ಚಿತ್ರಗಳ ಹಂಪೆ

ಹಂಪೆಯ ವಿರೂಪಾಕ್ಷ ದೇವಾಲಯದ ಹಿಂಬದಿಯಲ್ಲಿ ಒಂದು ಕತ್ತಲೆಯ ಕೋಣೆಯಿದೆ. ಅದರ ಸಣ್ಣ ಕಿಂಡಿಯಿಂದ ಒಳಬರುವ ಬೆಳಕು ಪೂರ್ವದಿಕ್ಕಿನ ಮಹಾಗೋಪುರವನ್ನು ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. ಸುಮಾರು 50 ಮೀಟರ್ ಎತ್ತರದ ಗೋಪುರ ಅಲ್ಲಿ ಪುಟ್ಟ ನೆರಳಾಗಿ ತೂಗುತ್ತಿರುತ್ತದೆ. ಯಾತ್ರಿಕರು ವಿಸ್ಮಯದಿಂದ ನೋಡಿ ಮುಂದೆ ಸಾಗುತ್ತಾರೆ. ಕ್ಯಾಮರಾದ ಮೂಲತತ್ತ್ವವೂ ಇದೇ: ಕತ್ತಲೆಯ ಪೆಟ್ಟಿಗೆ, ಒಂದು ರಂಧ್ರ, ಎದುರಿಗೊಂದು ಗೋಡೆ. ಗೋಡೆಯ ಸ್ಥಾನದಲ್ಲಿ ಬೆಳ್ಳಿಯ ಲವಣ ಲೇಪಿಸಿದ ಫಿಲ್ಮನ್ನು ಇಟ್ಟರೆ ನೆರಳು ಅಲ್ಲಿಯೇ ಅಚ್ಚೊತ್ತಿ ನಿಲ್ಲುತ್ತದೆ.

15 ವರ್ಷಗಳಿಂದ ನಾನು ಡಿಜಿಟಲ್ ಕ್ಯಾಮರಾವನ್ನೇ ಬಳಸುತ್ತಿದ್ದವನು. ಹಂಪೆಯೊಂದರದೇ 2000ಕ್ಕೂ ಮಿಕ್ಕ ಚಿತ್ರಗಳು ಕಂಪ್ಯೂಟರಿನಲ್ಲಿವೆ. ಒಂದೂ ಮನೆಯ ಗೋಡೆಗೆ ಬಂದಿಲ್ಲ. 82 ವರ್ಷದ ನಮ್ಮ ಅವ್ವನಿಗೆ ಮೊಬೈಲಿನ ಹೊಳೆಯುವ ಪರದೆ ಕಣ್ಣಿಗೆ ಒಗ್ಗದು. “ಕೈಯಾಗ ಹಿಡಿಯೂವಂಥಾ ಒಂದು ಫೋಟೋ ಇರಲಪ್ಪಾ” ಎಂದು ಆಕೆ ಹಲವು ಬಾರಿ ಹೇಳಿದ್ದುಂಟು. ಆದಕಾರಣ ಕಳೆದ ಚಳಿಗಾಲದಲ್ಲಿ ಅವ್ವನೊಡನೆ ಹಂಪೆಗೆ ಹೊರಟಾಗ, ತೀರಿಹೋದ ತಂದೆಯವರ ಯಾಶಿಕಾ ಎಫ್.ಎಕ್ಸ್.–3 ಕ್ಯಾಮರಾವನ್ನೂ ಕಪ್ಪು–ಬಿಳುಪಿನ ಒಂದೇ ರೀಲನ್ನೂ ಚೀಲದಲ್ಲಿಟ್ಟುಕೊಂಡೆ. ಇಂದು ಒಂದು ರೀಲಿಗೆ ನೂರಾರು ರೂಪಾಯಿ ತೆರಬೇಕು. ಊಟಿಯ ಹಿಂದುಸ್ಥಾನ್ ಫೋಟೋ ಫಿಲ್ಮ್ಸ್ ತಯಾರಿಸುತ್ತಿದ್ದ ‘ಇಂದು’ ಫಿಲ್ಮಿನ ಕಾಲ ಮುಗಿದಿದೆ.

36 ಚಿತ್ರಗಳು ಮಾತ್ರ ಎಂದು ತಿಳಿದೊಡನೆಯೇ ನಡಿಗೆಯ ಗತಿ ಬದಲಾಗುತ್ತದೆ. ಹಿಂದೆ ಕಮಲ ಮಹಲು, ಆನೆಲಾಯಗಳಲ್ಲಿ ಹತ್ತು ನಿಮಿಷದಲ್ಲಿ ನೂರು ಚಿತ್ರ ತೆಗೆಯುತ್ತಿದ್ದೆ. ಈ ಸಲ ಅಲ್ಲಿ ಕ್ಯಾಮರಾ ಎತ್ತಲೇ ಇಲ್ಲ. ಬಡವಿ ಲಿಂಗದ ಮುಂದೆ ಮಾತ್ರ ಒಂದು ಗಂಟೆ ಕಳೆಯಿತು. ಏಕಶಿಲೆಯ ಆ ಲಿಂಗ ಸುಮಾರು 3 ಮೀಟರ್ ಎತ್ತರವಿದ್ದು, ಪೀಠವು ಸದಾ ನೀರಿನಲ್ಲಿರುತ್ತದೆ. ಬಿಸಿಲು ನೀರಿಗೆ ತಾಗಿ, ನೀರಿನಿಂದ ಕಲ್ಲಿಗೇರಿ ಅಲುಗಾಡುತ್ತದೆ. ಅಚ್ಚ ಬಿಸಿಲಿನಲ್ಲಿ 100 ವೇಗದ ಫಿಲ್ಮಿಗೆ ಅಪರ್ಚರ್ 16, ಶಟರ್ 1/125 ಎಂಬುದು ಹಳೆಯ ಛಾಯಾಗ್ರಾಹಕರ ಲೆಕ್ಕ. ಈ ನೆರಳಿನಲ್ಲಿ ಆ ಲೆಕ್ಕ ನಡೆಯದು. ಬೆಳಕು ಏರಿಳಿಯುವುದನ್ನು ಕಾಯುತ್ತ ನಿಂತಿದ್ದೆ. ಅವ್ವ ಕಟ್ಟೆಯ ಮೇಲೆ ಕುಳಿತು ಕೈಮುಗಿದಿದ್ದಳು. ಒಂದು ಚಿತ್ರ ಲಿಂಗದ್ದು, ಒಂದು ಅವ್ವನದು, ಅಷ್ಟೆ.

“ಹ್ಯಾಂಗ ಬಂತು, ತೋರಸಪ್ಪಾ” ಎಂದಳು. ಈಗ ಕಾಣದು, ಊರಿಗೆ ಹೋಗಿ ತೊಳೆದ ಮೇಲೆಯೇ ಎಂದೆ. “ಮೊದಲ ಹಂಗ ಇತ್ತಲ್ಲ” ಎಂದು ಸುಮ್ಮನಾದಳು.

ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ನೋಡದವರು 50 ರೂಪಾಯಿಯ ಹೊಸ ನೋಟಿನಲ್ಲಾದರೂ ಕಂಡಿರುತ್ತಾರೆ. ಅದರ ಮೇಲೆ ಹಿಂದೆ ಇಟ್ಟಿಗೆಯ ಶಿಖರವೊಂದಿತ್ತು, ಈಗ ಇಲ್ಲ. ಅದು ಹೇಗಿತ್ತೆಂದು ನಾವಿಂದು ಕಾಣಬಲ್ಲೆವಾದರೆ, 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಇಲ್ಲಿ ತೆಗೆದ ಚಿತ್ರಗಳೇ ಕಾರಣ. ಆತನದು ಮೇಣ ಸವರಿದ ಕಾಗದದ ನೆಗೆಟಿವ್. ಭಾರವಾದ ಪೆಟ್ಟಿಗೆಯನ್ನು ಬಂಡೆಗಳ ನಡುವೆ ಹೊರಿಸಿಕೊಂಡು ಬಂದು, ಪ್ರತಿಯೊಂದು ಚಿತ್ರಕ್ಕೂ ದೀರ್ಘಕಾಲ ಬೆಳಕು ಬಿಡಬೇಕಾಗಿದ್ದ ಕಾಲವದು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಆ ನೆಲೆಗಳಲ್ಲೇ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಏನು ಉಳಿದಿದೆ, ಏನು ಅಳಿದಿದೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ಶಾಸನಗಳ ಸವೆದ ಅಕ್ಷರಗಳನ್ನು ಹಿಡಿಯಲು ಡಿಜಿಟಲ್ಲೇ ಮೇಲೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೂ ಅಷ್ಟು ಹಳೆಯ ಕಾಗದದ ತುಣುಕನ್ನು ಇಂದಿಗೂ ಬೆಳಕಿಗೆ ಹಿಡಿದು ಓದಬಹುದಲ್ಲ! ನಮ್ಮ ಮನೆಯಲ್ಲಿ 20 ವರ್ಷದ ಹಿಂದಿನ ಸಿ.ಡಿ.ಗಳನ್ನು ಓದುವ ಯಂತ್ರವೇ ಉಳಿದಿಲ್ಲ.

ರೀಲನ್ನು ಮನೆಯ ಬಚ್ಚಲಿನಲ್ಲಿ ನಾನೇ ತೊಳೆದೆ. ದ್ರಾವಣ 20 ಡಿಗ್ರಿಯಲ್ಲಿರಬೇಕು. ನಮ್ಮ ಕಡೆಯ ನೀರಿಗೆ ಚಳಿಗಾಲದಲ್ಲಿಯೂ ಮಂಜುಗಡ್ಡೆಯ ನೆರವು ಬೇಕಾಯಿತು. ಮೊದಲು ಡೆವಲಪರ್, ಬಳಿಕ ಚಿತ್ರವನ್ನು ಸ್ಥಿರಗೊಳಿಸುವ ಹೈಪೊ, ಕೊನೆಗೆ ಬಹಳ ಹೊತ್ತು ಹರಿಯುವ ನೀರು. ಹಗ್ಗಕ್ಕೆ ಒಣಹಾಕಿದ ಫಿಲ್ಮಿನ ಬಳಿ ಅವ್ವ ಬಂದು ಕಿಟಕಿಯ ಬೆಳಕಿಗೆ ಮುಖವೊಡ್ಡಿ ನಿಂತಳು. ನೆಗೆಟಿವ್‌ನಲ್ಲಿ ಬಿಳಿಯದು ಕಪ್ಪು, ಕಪ್ಪಿನದು ಬಿಳಿ. ಆಕೆಯ ಬೆಳ್ಳಗಿನ ಕೂದಲು ಅಲ್ಲಿ ಕಡುಗಪ್ಪಾಗಿತ್ತು.

“ಮತ್ತ ಹುಡಿಗಿ ಆಗೇನಲ್ಲೋ” ಎಂದು ನಕ್ಕಳು. ಮರುವಾರ ಕಾಪಿ ಹಾಕಿಸಿ ತಂದಾಗ, ಬಡವಿ ಲಿಂಗದ ಕಟ್ಟೆಯ ಮೇಲೆ ತಾನು ಕುಳಿತ ಚಿತ್ರವನ್ನು ಬದಿಗಿರಿಸಿ, ಲಿಂಗದ ಚಿತ್ರವನ್ನು ತನ್ನ ಮಂಚದ ಎದುರಿಗೆ ಹಾಕಿಸಿಕೊಂಡಳು. ತನ್ನ ಚಿತ್ರವನ್ನು ತಂಗಿಯ ಮನೆಗೆ ಕಳುಹಿಸಬೇಕಂತೆ. ಅದಕ್ಕೆ ಇನ್ನೊಂದು ಕಾಪಿ ಹಾಕಿಸಬೇಕಾಗಿದೆ.