ಹೊಲದಲ್ಲಿ ಸಿಕ್ಕ ಆಮೆ

ಹಿಂದೂಪುರ, ಕಲ್ಯಾಣದುರ್ಗಗಳಲ್ಲಿರುವ ನಮ್ಮ ಬಂಧುಗಳ ಮನೆಗೆ ಮಳೆಗಾಲದಲ್ಲಿ ಹೋದರೆ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ: “ಕಡಲೆಕಾಯಿ ಹೊಲದಲ್ಲಿ ಆಮೆ ಸಿಕ್ಕಿದೆ, ಸಾಕಿದರೆ ತಪ್ಪೇನು?”

ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದಂತೆ ಹರಡಿರುವ ಈ ಪ್ರಾಣಿಯನ್ನು ನಾವು ನಕ್ಷತ್ರ ಆಮೆ ಎನ್ನುತ್ತೇವೆ. ತೆಲುಗಿನವರಿಗೆ ಇದು ನಕ್ಷತ್ರ ತಾಬೇಲು. ಕುರುಚಲು ಕಾಡು, ಹುಲ್ಲುಗಾವಲು, ಹೊಲದ ಬದುಗಳೇ ಇದರ ಮನೆ. ಬೇಸಿಗೆಯಲ್ಲಿ ಪೊದೆಯಡಿ ಅಡಗಿದ್ದು ಮಳೆ ಬಿದ್ದೊಡನೆ ಹೊರಬರುತ್ತದೆ. ಮಕ್ಕಳ ಕಣ್ಣಿಗೆ ಬೀಳುವುದೂ ಆಗಲೇ. ಮನೆಯಲ್ಲಿದ್ದರೆ ಹಣ ಬರುತ್ತದೆ ಎಂಬ ನಂಬಿಕೆ ಬೇರೆ! ಹಣ ಬರುವುದು ಅದನ್ನು ಕದ್ದು ಮಾರುವವನಿಗೆ ಮಾತ್ರ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಹಿಡಿಯುವುದೂ ಬೇಟೆಯೇ. ಮೊದಲು ನಾಲ್ಕನೆಯ ಅನುಸೂಚಿಯಲ್ಲಿದ್ದ ಈ ಆಮೆ, 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ ಹುಲಿ, ಆನೆಗಳಿರುವ ಒಂದನೆಯ ಅನುಸೂಚಿಗೆ ಸೇರಿದೆ. ಅಪರಾಧ ಸಾಬೀತಾದರೆ 3ರಿಂದ 7 ವರ್ಷ ಸೆರೆವಾಸ, ಜೊತೆಗೆ 25 ಸಾವಿರ ರೂಪಾಯಿಗೆ ಕಡಿಮೆಯಿಲ್ಲದ ದಂಡ. ಹೊರದೇಶಗಳಿಗೆ ಸಾಗಿಸುವ ವ್ಯಾಪಾರವನ್ನೂ 2019ರಲ್ಲಿ ಅಂತರರಾಷ್ಟ್ರೀಯ ಒಪ್ಪಂದ ನಿಷೇಧಿಸಿತು. ಅಂಗಡಿಯವನು “ನಮ್ಮಲ್ಲಿ ಲೈಸೆನ್ಸ್ ಇದೆ” ಎಂದರೆ ನಂಬಬೇಡಿ. ಗಾಜಿನ ತೊಟ್ಟಿಯಲ್ಲಿಟ್ಟು ಮಾರುವ, ಕಣ್ಣಿನ ಹಿಂದೆ ಕೆಂಪು ಪಟ್ಟೆಯ ಆಮೆ ಬೇರೆ ಜಾತಿ, ಅಮೆರಿಕದ್ದು. ಬೇಸರವಾಯಿತೆಂದು ಅದನ್ನು ಕೆರೆಗೆ ಬಿಟ್ಟರೆ ನಮ್ಮ ಆಮೆಗಳ ಆಹಾರ, ಜಾಗ ಎರಡಕ್ಕೂ ಕುತ್ತು.

ಕಾಯಿದೆ ಹಾಗಿರಲಿ, ಪ್ರೀತಿಯಿಂದ ಸಾಕಿದರೂ ಇದು ನರಳುತ್ತದೆ. ನೆಲದ ಆಮೆ, ಈಜು ಬಾರದು. ಬಕೆಟ್ ನೀರಿನಲ್ಲಿಟ್ಟರೆ ಮುಳುಗಿ ಸಾಯುತ್ತದೆ. ಅನ್ನ, ಬಿಸ್ಕತ್ತು ತಿನ್ನಿಸಿ ಬಿಸಿಲು ಕಾಣಿಸದೆ ಮಂಚದಡಿ ಇಟ್ಟರೆ ಚಿಪ್ಪು ಮೆತ್ತಗಾಗಿ ವಿಕಾರವಾಗುತ್ತದೆ. ತಿಂಗಳುಗಟ್ಟಲೆ ಸದ್ದಿಲ್ಲದೆ ಸೊರಗುವುದರಿಂದ ಮನೆಯವರಿಗೆ ತಿಳಿಯುವುದೂ ಇಲ್ಲ.

ಹೊಲದಲ್ಲಿ ಕಂಡರೆ ಅಲ್ಲೇ ಬಿಟ್ಟುಬಿಡಿ. ಈಗಾಗಲೇ ಮನೆಯಲ್ಲಿದ್ದರೆ ಕತ್ತಲಲ್ಲಿ ಯಾವುದೋ ಗುಡ್ಡಕ್ಕೆ ಎಸೆದು ಬರಬೇಡಿ. ರೋಗವಿದ್ದರೆ ಅಲ್ಲಿನವುಗಳಿಗೂ ತಗಲುತ್ತದೆ. ಅರಣ್ಯ ಇಲಾಖೆಯ ವಲಯ ಕಚೇರಿಗೆ ನೀವೇ ತಿಳಿಸಿ.

ಕಲ್ಯಾಣದುರ್ಗದ ನಮ್ಮ ಭಾವ ಹೀಗೆಯೇ ಮಾಡಿದರು. ಅಕ್ಕನಿಗೆ ಕೇಸಾಗುವ ಭಯ, ಅತ್ತೆಗೆ ಅದೃಷ್ಟ ಹೋಗುವ ಚಿಂತೆ. ಗಾರ್ಡ್ ಬಂದು ಎಲ್ಲಿ, ಯಾವಾಗ ಸಿಕ್ಕಿತೆಂದು ಬರೆದುಕೊಂಡು ಆಮೆಯನ್ನು ಒಯ್ದರು. ಮಗು ಎರಡು ದಿನ ಅತ್ತಿತು. ಈಗ ಮಳೆ ಬಂದರೆ ಅಪ್ಪನನ್ನು ಎಳೆದುಕೊಂಡು ಬದುವಿನ ಮೇಲೆ ಆಮೆ ನೋಡಲು ಓಡುತ್ತಾನೆ, ಮುಟ್ಟುವುದಿಲ್ಲ.