ಮರಣ ಕಣಿವೆಯಲ್ಲಿ ಗಾಲಿಯ ಮೇಲಿನ ಮನೆ

ಕ್ಯಾಲಿಫೋರ್ನಿಯ ರಾಜ್ಯದ ಪೂರ್ವದಂಚಿನಲ್ಲಿ ಪಾನಮಿಂಟ್ ಪರ್ವತಶ್ರೇಣಿಯನ್ನು ದಾಟುವ 190ನೆಯ ಹೆದ್ದಾರಿಯು, ಸುಮಾರು 1,500 ಮೀಟರು ಎತ್ತರದ ಟೌನ್ ಪಾಸ್ ಎಂಬ ಘಟ್ಟದ ನೆತ್ತಿಯನ್ನು ಮುಟ್ಟಿದ ಬಳಿಕ ಒಂದೇ ಸಮನೆ ಇಳಿಯತೊಡಗುತ್ತದೆ. ಇಳಿದಷ್ಟೂ ಕಾವು ಏರುತ್ತದೆ. ಘಟ್ಟವಿಳಿದರೆ ಸೆಕೆಯೆಂಬುದು ಆಗುಂಬೆ ಇಳಿದವರಿಗೆ ತಿಳಿದ ಸಂಗತಿಯೇ. ಆದರೆ ಇಲ್ಲಿ ಬೆವರು ಕಣ್ಣಿಗೆ ಕಾಣದು. ಮೂಡಿದೊಡನೆ ಆರಿಹೋಗುತ್ತದೆ.

ಕೆಳಗೆ ಹಾಸಿರುವುದೇ ‘ಡೆತ್ ವ್ಯಾಲಿ’, ಅಂದರೆ ಮರಣ ಕಣಿವೆ. 1849ರಲ್ಲಿ ಚಿನ್ನದ ಆಸೆಯಿಂದ ಪಶ್ಚಿಮಕ್ಕೆ ಹೊರಟು ಇಲ್ಲಿ ದಾರಿಗಾಣದೆ ಬಳಲಿದ ವಲಸೆಗಾರರಿಂದ ಬಂದ ಹೆಸರು ಇದು. ಕಣಿವೆಯ ನಡುವಣ ಫರ್ನೇಸ್ ಕ್ರೀಕ್, ಕನ್ನಡದಲ್ಲಿ ಹೇಳುವುದಾದರೆ ‘ಕುಲುಮೆಯ ಹಳ್ಳ’, ಸಮುದ್ರಮಟ್ಟಕ್ಕಿಂತ 58 ಮೀಟರು ತಗ್ಗಿನಲ್ಲಿದೆ. 1913ರ ಜುಲೈ 10ರಂದು ಇಲ್ಲಿ ದಾಖಲಾದ 56.7 ಡಿಗ್ರಿ ಸೆಲ್ಸಿಯಸ್ ಉಷ್ಣತೆಯು ಜಗತ್ತಿನ ದಾಖಲೆಯಾಗಿ ಉಳಿದಿದೆ. 2024ರ ಜುಲೈ ತಿಂಗಳಲ್ಲಿ ಹಗಲಿರುಳನ್ನು ಕೂಡಿಸಿ ತೆಗೆದ ಸರಾಸರಿಯೇ 42.5 ಡಿಗ್ರಿ. ಅಂದರೆ ಇರುಳೂ ಇಲ್ಲಿ ತಾಯಿಯ ಮಡಿಲಲ್ಲ.

ಈ ನೆಲದ ಮೂಲನಿವಾಸಿಗಳಾದ ಟಿಂಬಿಶಾ ಶೋಶೋನಿ ಜನರು ಬಿಸಿಲಿನೊಡನೆ ಹಟ ಹಿಡಿದವರಲ್ಲ. ಬೇಸಿಗೆ ಬಂತೆಂದರೆ ಪಾನಮಿಂಟ್ ಬೆಟ್ಟಗಳ ತಂಪಿಗೆ ಏರಿಹೋಗುತ್ತಿದ್ದರು. ಚಳಿಗಾಲಕ್ಕೆ ಕಣಿವೆಗೆ ಮರಳುತ್ತಿದ್ದರು. ಈಗ ಬರುವ ಪ್ರವಾಸಿಯಾದರೋ ಮನೆಯನ್ನೇ ಗಾಲಿಯ ಮೇಲೇರಿಸಿಕೊಂಡು ಬರುತ್ತಾನೆ. ಅಡಿಗೆಯ ಒಲೆ, ಶೀತಪೆಟ್ಟಿಗೆ, ಸ್ನಾನದ ಮನೆ, ಹಿಂಬದಿಯಲ್ಲಿ ಮಲಗುವ ಕೋಣೆ, ಎಲ್ಲವೂ ಒಂಬತ್ತು ಹತ್ತು ಮೀಟರು ಉದ್ದದ ಮೋಟಾರಿನೊಳಗೆ. ಬಾಡಿಗೆಗೂ ದೊರೆಯುವ ಈ ಮೋಟಾರು ಮನೆಗಳನ್ನು ನಡುಬೇಸಿಗೆಯಲ್ಲಿ ಈ ಕಣಿವೆಗೆ ಒಯ್ಯಕೂಡದೆಂದು ಕೆಲವು ಕಂಪನಿಗಳು ಷರತ್ತು ಹಾಕುವುದುಂಟು. ಷರತ್ತು ಅಕಾರಣವಲ್ಲ.

ಫರ್ನೇಸ್ ಕ್ರೀಕಿನ ಸರ್ಕಾರಿ ಬಿಡಾರದಲ್ಲಿ ನೀರು, ವಿದ್ಯುತ್ತು ಎಲ್ಲ ಸೌಕರ್ಯವುಳ್ಳ ತಾಣಗಳು ಹದಿನೆಂಟು ಮಾತ್ರ. ಮೇ ತಿಂಗಳ ಒಂದು ಸಂಜೆ ಅವುಗಳಲ್ಲೊಂದಕ್ಕೆ ಬಂದು ನಿಂತ ವಾಹನವನ್ನು ಕಲ್ಪಿಸಿಕೊಳ್ಳಬಹುದು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಎಪ್ಪತ್ತು ದಾಟಿದ ಅತ್ತೆ. ಒಳಗಿನ ಉಷ್ಣಮಾಪಕ 40 ಡಿಗ್ರಿ ತೋರುತ್ತಿದೆ. ಮಾಡಿನ ಮೇಲಿನ ಹವಾನಿಯಂತ್ರಣ ಯಂತ್ರ ಗುಡುಗುಡಿಸತೊಡಗಿ ಗಂಟೆಯಾದರೂ ಹಿಂದಿನ ಕೋಣೆಯಲ್ಲಿ ಮಲಗಿದ ಮುದುಕಿಗೆ ತಂಪಿಲ್ಲ. ಮುಪ್ಪಿನಲ್ಲಿ ಬಾಯಾರಿಕೆಯ ಅರಿವೂ ಮಂಕಾಗುವುದರಿಂದ ಆಕೆ ನೀರನ್ನೂ ಕೇಳುವುದಿಲ್ಲ. “ತಲೆ ಯಾಕೋ ತಿರುಗುತ್ತದಪ್ಪ” ಎಂದಷ್ಟೇ ಹೇಳುತ್ತಾಳೆ. ಯಂತ್ರ ಕೆಟ್ಟಿದೆಯೆಂದು ಮಗನ ತೀರ್ಮಾನ.

ಕೆಟ್ಟಿಲ್ಲ. ಇಂಥ ಯಂತ್ರ ಸಾಮಾನ್ಯವಾಗಿ 13,500 ಬಿಟಿಯು ಶಕ್ತಿಯದು, ಮನೆಯ ಲೆಕ್ಕದಲ್ಲಿ ಒಂದು ಟನ್ನಿಗಿಂತ ತುಸು ಹೆಚ್ಚು. ಅದು ಹೊರಗಿನ ಗಾಳಿಯನ್ನು ಎಳೆಯುವುದಿಲ್ಲ. ಒಳಗಿನದನ್ನೇ ಜಾಲರಿಯ ಮೂಲಕ ಹೀರಿ, ಸುಮಾರು 8ರಿಂದ 11 ಡಿಗ್ರಿಯಷ್ಟು ತಣಿಸಿ ಮರಳಿ ಬಿಡುತ್ತದೆ. 40 ಡಿಗ್ರಿಯ ಗಾಳಿ ಒಳಹೊಕ್ಕರೆ ಮೊದಲಿಗೆ ಹೊರಬರುವುದು 30ರದು. ಅದೇ ಗಾಳಿ ಸುತ್ತಿಸುತ್ತಿ ತಣಿಯಬೇಕು. ಹೀರುವ ಜಾಲರಿಯ ಬಳಿ ಒಮ್ಮೆ, ಊದುವ ಕಿಂಡಿಯ ಬಳಿ ಒಮ್ಮೆ ಉಷ್ಣಮಾಪಕವನ್ನಿಟ್ಟು ಅಂತರವನ್ನು ನೋಡಿದರೆ ಯಂತ್ರದ ಆರೋಗ್ಯ ತಿಳಿಯುತ್ತದೆ.

ತಣಿದ ಗಾಳಿ ಚಾವಣಿಯೊಳಗಿನ ನಾಳಗಳಲ್ಲಿ ಹರಿದು, ತಟ್ಟೆಯಾಕಾರದ ಗಾಳಿಕಿಂಡಿಗಳಿಂದ ಇಳಿಯುತ್ತದೆ. ಇದು ಮದುವೆಮನೆಯ ಪಂಕ್ತಿಯಿದ್ದಂತೆ: ಬಡಿಸುವವನ ಕೈ ಮೊದಲೆಲೆಗಳಲ್ಲಿ ಧಾರಾಳ, ಕೊನೆಯೆಲೆಗೆ ಬರುವಷ್ಟರಲ್ಲಿ ತುಪ್ಪದ ಗಿಂಡಿ ಬರಿದು. ಮುದುಕಿಯ ಕೋಣೆ ಕೊನೆಯೆಲೆ. ಹಾಗೆಂದು ಮುಂದಿನ ಕಿಂಡಿಗಳನ್ನೆಲ್ಲ ಮುಚ್ಚಿಬಿಟ್ಟರೆ ಗಾಳಿಯೆಲ್ಲ ಹಿಂದಕ್ಕೆ ಹೋದೀತೆಂಬುದು ಎಲ್ಲರಿಗೂ ಹೊಳೆಯುವ ಉಪಾಯ. ಹೊಳೆದವರೆಲ್ಲ ಕೆಡುವ ಉಪಾಯವೂ ಹೌದು. ಯಂತ್ರದ ತಣ್ಣನೆಯ ಸುರುಳಿಗಳ ಮೇಲೆ ಹಾಯುವ ಗಾಳಿ ಕಡಮೆಯಾದರೆ ಅಲ್ಲಿ ತೇವವು ಹೆಪ್ಪುಗಟ್ಟಿ ದಾರಿಯೇ ಮುಚ್ಚಿಹೋಗುತ್ತದೆ. ಈ ಒಣ ಕಣಿವೆಯಲ್ಲಿ ಅದು ತಡವಾದೀತು. ಫ್ಲಾರಿಡಾದ ತೇವದ ಹವೆಯಲ್ಲಿ ತಡವಾಗದು. ಯಂತ್ರಕ್ಕೆ ತೀರ ಹತ್ತಿರದ ಕಿಂಡಿಗಳ ರೆಕ್ಕೆಗಳನ್ನು ಅರ್ಧಕ್ಕೆ ತಿರುಗಿಸಿ, ದೂರದವನ್ನು ಪೂರ್ತಿ ತೆರೆದು, ಕಾಲುಗಂಟೆ ಕಾದು ನೋಡಬೇಕು. ಥರ್ಮೋಸ್ಟಾಟಿನ ಮೇಲೆ ನೇರವಾಗಿ ಗಾಳಿ ಬೀಳುವಂತೆ ಯಾವ ರೆಕ್ಕೆಯನ್ನೂ ತಿರುಗಿಸಬಾರದು. ತನಗೆ ತಣ್ಣಗಾಯಿತೆಂದು ಅದು ಊರಿಗೆಲ್ಲ ಯಂತ್ರ ನಿಲ್ಲಿಸಿಬಿಡುತ್ತದೆ.

ಮಗ ಏಣಿ ಹುಡುಕುತ್ತಿದ್ದಾಗ ಪಕ್ಕದ ಬಿಡಾರದ ವೃದ್ಧರೊಬ್ಬರು ಬಂದರೆನ್ನೋಣ. ಚಳಿಗಾಲವನ್ನೆಲ್ಲ ಇಂಥ ವಾಹನದಲ್ಲೇ ಕಳೆಯುವ ಜನ ಅಮೆರಿಕದಲ್ಲಿ ಹೇರಳ. “ಮೊದಲು ತಾಯಿಯವರನ್ನು ಮುಂದಿನ ಕೋಣೆಗೆ ಕರೆತನ್ನಿ, ನೀರು ಕೊಡಿ. ಏಣಿ ಆಮೇಲೆ” ಎಂದರು. ಮುದುಕಿಯ ಕತ್ತಿಗೆ ಒದ್ದೆ ಬಟ್ಟೆ ಬಂದಮೇಲೆ ಚಾವಣಿಯತ್ತ ಕಣ್ಣೆತ್ತಿದರು. ಯಂತ್ರದ ಕೆಳಗೇ ಒಂದು ಚಿಕ್ಕ ಮುಚ್ಚಳ ಬಾಯಿ ತೆರೆದುಕೊಂಡಿತ್ತು. ಬಂದೊಡನೆ ಆ ಒಂದು ಸ್ಥಳವನ್ನು ಬೇಗ ತಣಿಸಲೆಂದು ಇರುವ ಏರ್ಪಾಡು ಅದು. ತೆರೆದಿರುವಷ್ಟು ಹೊತ್ತು ಗಾಳಿಯ ಬಹುಪಾಲು ಅಲ್ಲೇ ಸುರಿದುಹೋಗಿ ನಾಳಗಳು ಉಪವಾಸ ಬೀಳುತ್ತವೆ. ಮಕ್ಕಳು ಅದರಡಿಯಲ್ಲೇ ಸುಖವಾಗಿ ಕುಳಿತಿದ್ದರು. ಹಿಂದಿನ ಕೋಣೆಯ ಬಾಗಿಲೋ, ಅಜ್ಜಿಯ ನಿದ್ದೆಗೆ ಭಂಗ ಬಾರದಿರಲೆಂದು ಭದ್ರವಾಗಿ ಮುಚ್ಚಿತ್ತು. ಹೋದ ಗಾಳಿ ಜಾಲರಿಗೆ ಮರಳಲು ದಾರಿಯಿಲ್ಲದಿದ್ದರೆ ಹೊಸ ಗಾಳಿ ಒಳಬರುವುದಾದರೂ ಹೇಗೆ?

ಮುಚ್ಚಳ ಮುಚ್ಚಿತು, ಬಾಗಿಲು ತೆರೆಯಿತು. ಜಾಲರಿಯ ಹಿಂದಿನ ಶೋಧಕದಲ್ಲಿ ಕಣಿವೆಯ ಧೂಳು ಕಂಬಳಿಯಂತೆ ಕೂತಿತ್ತು, ತೊಳೆದು ಹಾಕಿದರು. ಪಶ್ಚಿಮದ ಸೂರ್ಯನಿಗೆ ಎದುರಾಗಿದ್ದ ಮುಂಗಾಜಿಗೆ ಬೆಳಕು ಹಿಮ್ಮೆಟ್ಟಿಸುವ ಹೊದಿಕೆ ಬಿತ್ತು. ಇಷ್ಟಾದ ಮೇಲೂ ದೂರದ ಕಿಂಡಿ ಸೊರಗಿದ್ದರೆ, ಚಾವಣಿಯ ಪೆಟ್ಟಿಗೆಯೊಳಗೆ ತಣ್ಣನೆಯ ಗಾಳಿಯನ್ನೂ ಹೀರುವ ಗಾಳಿಯನ್ನೂ ಬೇರ್ಪಡಿಸುವ ಅಡ್ಡಗೋಡೆಯಲ್ಲಿ ಬಿರುಕಿದೆಯೇ ಎಂದು ನೋಡಬೇಕಾಗುತ್ತದೆ. ವಿದ್ಯುತ್ತನ್ನು ತೆಗೆದು, ಅಲ್ಯುಮಿನಿಯಂ ಅಂಟುಪಟ್ಟಿಯಿಂದ ಮುಚ್ಚುವ ಕೆಲಸ. ಆ ಸಂಜೆ ಅದು ಬೇಕಾಗಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಹಿಂದಿನ ಕೋಣೆ 27 ಡಿಗ್ರಿಗೆ ಇಳಿದಿತ್ತು. ಹೊರಗೆ ಖರ್ಜೂರದ ಮರಗಳ ಮೇಲೆ ನಕ್ಷತ್ರಗಳು ಕಿಕ್ಕಿರಿದಿದ್ದವು. ಬಂಡೆಗಳು ಹಗಲು ಕುಡಿದ ಬಿಸಿಲನ್ನು ಇನ್ನೂ ಉಸಿರುತ್ತಿದ್ದವು. ಮುದುಕಿ ತನ್ನ ಹಾಸಿಗೆಗೆ ಮರಳಿ, ಸ್ವಲ್ಪ ಹೊತ್ತಿನ ಮೇಲೆ ಸೊಸೆಯನ್ನು ಕರೆದು ಒಂದು ಹೊದಿಕೆ ಕೇಳಿದಳು.